ಮೇಲ್‌ಬಾಕ್ಸ್ ತುಂಬಿ ತುಳುಕ್ತಿದೆ, ಹಳೇ ಮೇಲ್ ಡಿಲೀಟ್ ಮಾಡೋ ಹಾಗೂ ಇಲ್ಲ, ಎಲ್ಲಿ ಇಡೋದು?

ಕೋಟಾ ಮುಗೀತು

ನಮಸ್ಕಾರ ಎಲ್ರಿಗೂ. ನಂದು ಎರಡು ಅಕೌಂಟ್, ಎರಡೂ ಒಟ್ಟಿಗೇ ತುಂಬ್ಕೊಂಡಿವೆ. ಪರ್ಸನಲ್ ಜಿಮೇಲ್ 15 ಜಿಬಿಲಿ ಅರ್ಧ ಜಿಬಿನೂ ಉಳಿದಿಲ್ಲ. ಆಫೀಸ್ ಮೇಲ್ ಔಟ್‌ಲುಕ್ಕಲ್ಲಿ ನೋಡೋದು, ಅಲ್ಲಂತೂ ಸಿಸ್ಟಮ್ ಆನ್ ಮಾಡಿದ ತಕ್ಷಣ ಮೇಲ್‌ಬಾಕ್ಸ್ ಸೈಜ್ ವಾರ್ನಿಂಗೇ ಮೊದಲು ಎದುರಿಗೆ ಬಂದು ನಿಲ್ಲತ್ತೆ. ಡಿಲೀಟ್ ಮಾಡಿ ಅಂತ ಎಲ್ರೂ ಸಲೀಸಾಗಿ ಹೇಳ್ತಾರೆ ಆದ್ರೆ ಹಳೇ ಮೇಲಲ್ಲಿ ಅಗ್ರಿಮೆಂಟ್ ಇದೆ, ಇನ್ವಾಯ್ಸ್ ಇದೆ, ಯಾರು ಯಾವಾಗ ಒಪ್ಕೊಂಡ್ರು ಅನ್ನೋದಕ್ಕೆ ಸಾಕ್ಷಿ ಇದೆ, ಅದನ್ನ ಬಿಡೋಕಾಗಲ್ಲ. ಜಿಮೇಲಲ್ಲಿ ಹಳೇದೆಲ್ಲ ಸೆಲೆಕ್ಟ್ ಮಾಡಿ ಆರ್ಕೈವ್ ಒತ್ತಿದ್ರೆ ಜಾಗ ಖಾಲಿ ಆಗತ್ತಾ? ಇಲ್ಲಾಂದ್ರೆ ಕಂಪ್ಯೂಟರಿಗೆ ಇಳಿಸ್ಕೊಳ್ಳೋಕೆ ಸರಿಯಾದ ದಾರಿ ಯಾವ್ದು? ಎಷ್ಟೋ ವರ್ಷ ಆದ್ಮೇಲೂ ಓಪನ್ ಆಗ್ಬೇಕು, ಅದೇ ಮುಖ್ಯ. ದುಡ್ಡು ಕೊಟ್ಟು ಸ್ಟೋರೇಜ್ ತಗೋ ಅನ್ನೋ ಉತ್ತರ ಸದ್ಯಕ್ಕೆ ಬೇಡ.

ಸರ್ವರ್ ಕೋಣೆ

ಆಗಲ್ಲ. ಜಿಮೇಲಲ್ಲಿ ಆರ್ಕೈವ್ ಅಂದ್ರೆ ಇನ್‌ಬಾಕ್ಸ್ ಅನ್ನೋ ಲೇಬಲ್ ತೆಗೆಯೋದು ಅಷ್ಟೇ, ಮೇಲ್ ಆಲ್ ಮೇಲ್‌ನಲ್ಲಿ ಹಾಗೇ ಕೂತಿರತ್ತೆ, ಒಂದು ಕೆಬಿನೂ ಕಮ್ಮಿ ಆಗಲ್ಲ. ಔಟ್‌ಲುಕ್ಕಲ್ಲಿರೋ ಆರ್ಕೈವ್ ಬಟನ್ನೂ ಹಾಗೇನೇ, ಅದೇ ಮೇಲ್‌ಬಾಕ್ಸ್ ಒಳಗಿರೋ ಆರ್ಕೈವ್ ಅನ್ನೋ ಫೋಲ್ಡರಿಗೆ ತಳ್ಳತ್ತೆ. ಕೋಟಾ ಇಳೀಬೇಕು ಅಂದ್ರೆ ಮೇಲ್ ಸರ್ವರ್ ಬಿಟ್ಟು ಹೊರಗೆ ಹೋಗ್ಬೇಕು, ಬೇರೆ ದಾರಿ ಇಲ್ಲ.

ಮೊದಲು ಜಿಮೇಲ್ ನೋಡೋಣ. ಆ 15 ಜಿಬಿ ಬರೀ ಮೇಲಿಗಲ್ಲ, ಡ್ರೈವ್ ಮತ್ತು ಫೋಟೋಸ್ ಕೂಡ ಅದರಲ್ಲೇ ಪಾಲು ತಗೊಳ್ತವೆ. ಜೂನ್ 1, 2021ರಿಂದ ಈಚೆಗೆ ಅಪ್‌ಲೋಡ್ ಆದ ಫೋಟೋ ಕಮ್ಮಿ ಕ್ವಾಲಿಟಿಲಿ ಇದ್ರೂ ಲೆಕ್ಕಕ್ಕೆ ಬರತ್ತೆ. ಹಾಗಾಗಿ ಸ್ಟೋರೇಜ್ ಪೇಜಿಗೆ ಹೋಗಿ ಯಾವ್ದು ಎಷ್ಟು ತಿಂತಿದೆ ಅಂತ ನೋಡ್ಕೊಳ್ಳಿ, ಎಷ್ಟೋ ಜನಕ್ಕೆ ಮೇಲ್ ಎರಡು ಜಿಬಿ ಇರತ್ತೆ, ಉಳಿದಿದ್ದೆಲ್ಲ ಫೋನ್ ವಿಡಿಯೋ. ಹಾಗಿದ್ರೆ ಮೇಲ್ ಕ್ಲೀನ್ ಮಾಡ್ತಾ ಕೂತು ಪ್ರಯೋಜನ ಇಲ್ಲ.

ಮೇಲೇ ಜಾಸ್ತಿ ಇದ್ರೆ ಸರ್ಚ್ ಬಾಕ್ಸ್ ಪಕ್ಕದ ಫಿಲ್ಟರ್ ಐಕಾನ್ ಒತ್ತಿ, ಸೈಜ್ 10 ಎಂಬಿಗಿಂತ ಜಾಸ್ತಿ ಅಂತ ಕೊಟ್ಟು ಹುಡುಕಿ. ಆಮೇಲೆ 5ಕ್ಕೆ ಇಳಿಸಿ. ಎಷ್ಟು ಮೇಲ್ ಇದೆ ಅನ್ನೋ ಸಂಖ್ಯೆ ನೋಡಿ ಹೆದರ್ಬೇಡಿ, ನೂರಾರು ಬರೀ ಅಕ್ಷರದ ಮೇಲ್ ಸೇರಿದ್ರೂ ಒಂದು ದೊಡ್ಡ ಅಟ್ಯಾಚ್‌ಮೆಂಟಿನ ತೂಕ ಬರಲ್ಲ. ಇನ್ನೊಂದು ವಿಷ್ಯ, ಅಟ್ಯಾಚ್‌ಮೆಂಟ್ ಮೇಲೊಳಗೆ ಬೇಸ್64 ಎನ್‌ಕೋಡಿಂಗಲ್ಲಿ ಹೋಗತ್ತೆ, ಮೂರು ಬೈಟ್ ನಾಲ್ಕಾಗತ್ತೆ, ಅಂದ್ರೆ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಉಬ್ಬತ್ತೆ. ನಿಮ್ಮ 15 ಎಂಬಿ ಫೈಲ್ ಮೇಲ್ ರೂಪದಲ್ಲಿ 20 ಎಂಬಿ ದಾಟಿರತ್ತೆ.

ಲೆಕ್ಕದ ಪುಸ್ತಕ

ಸೆಂಟ್ ಫೋಲ್ಡರ್ ಮರೀಬೇಡಿ ರೀ. ಎಲ್ರೂ ಇನ್‌ಬಾಕ್ಸನ್ನೇ ಉಜ್ಜಿ ತೊಳೀತಾರೆ, ಕಳಿಸಿದ್ದೂ ನಮ್ಮ ಲೆಕ್ಕಕ್ಕೇ ಬರತ್ತೆ ಅನ್ನೋದು ತಲೇಲೇ ಇರಲ್ಲ. ನಾನು ಅಕೌಂಟ್ಸ್ ಕೆಲಸದಲ್ಲಿರೋದು, ದಿನಾ ಪಿಡಿಎಫ್ ಕಳಿಸೋದೇ ಕೆಲಸ, ನನ್ನ ಮೇಲ್‌ಬಾಕ್ಸಲ್ಲಿ ಇನ್‌ಬಾಕ್ಸಿಗಿಂತ ಸೆಂಟೇ ದಪ್ಪ. ಆ ಫೈಲಿನ ಮೂಲ ಹೇಗಿದ್ರೂ ನಮ್ಮ ಸರ್ವರ್ ಫೋಲ್ಡರಲ್ಲಿ ಇದ್ದೇ ಇರತ್ತೆ.

ಕೋಟಾ ಮುಗೀತು

ಸರ್ವರ್ ಕೋಣೆ ಸರ್ ಹೇಳಿದ ಹಾಗೆ ಸೈಜ್ ಹಾಕಿ ಹುಡುಕ್ದೆ. ಫೋಟೋಸ್ ಸ್ವಲ್ಪವೇ ಇದೆ, ಮೇಲೇ 11 ಜಿಬಿ. ಲಿಸ್ಟಲ್ಲಿ ಮೇಲ್ಗಡೆ ಬಂದಿದ್ದು ಒಂದೇ ಪ್ರೆಸೆಂಟೇಶನ್‌ನ ಥ್ರೆಡ್. ಮೊದಲ್ನೇ ಡ್ರಾಫ್ಟ್, ಅದಕ್ಕೆ ತಿದ್ದಿದ್ದು, ಫೈನಲ್, ಫೈನಲ್ 2, ಫೈನಲ್ ಕರೆಕ್ಟೆಡ್, ಲೋಗೋ ಬದಲಾಯಿಸಿದ ಫೈನಲ್, ಒಂದೊಂದೂ 12 ಎಂಬಿ ಆಸುಪಾಸು, ಅದ್ರಲ್ಲಿ ಅರ್ಧ ನಾನು ಕಳಿಸಿದ್ದು ಅರ್ಧ ಬಂದಿದ್ದು. ನನಗೆ ಬೇಕಾಗಿರೋದು ಕೊನೇದೊಂದು, ಆಮೇಲೆ ಮಧ್ಯದಲ್ಲಿ ಅವರು "ಓಕೆ ಗೋ ಅಹೆಡ್" ಅಂತ ಬರೆದಿರೋ ಎರಡು ಸಾಲಿನ ಮೇಲ್. ಈಗ ಈ ಥ್ರೆಡ್ ಟಿಕ್ ಮಾಡಿ ಡಿಲೀಟ್ ಕೊಡ್ಲಾ?

ಸರ್ವರ್ ಕೋಣೆ

ಅಯ್ಯೋ ಬೇಡ, ತಡೀರಿ! ಕಾನ್ವರ್ಸೇಶನ್ ವ್ಯೂ (ಒಂದೇ ವಿಷ್ಯದ ಮೇಲೆಲ್ಲ ಒಂದೇ ಸಾಲಲ್ಲಿ ತೋರಿಸೋದು) ಆನ್ ಇದ್ರೆ ಆ ಒಂದು ಸಾಲು ಟಿಕ್ ಮಾಡಿ ಡಿಲೀಟ್ ಕೊಟ್ರೆ ಇಡೀ ಥ್ರೆಡ್ಡೇ ಟ್ರ್ಯಾಶಿಗೆ ಹೋಗತ್ತೆ, ಆ ಎರಡು ಸಾಲಿನ ಒಪ್ಪಿಗೆ ಮೇಲೂ ಸೇರಿ. ಸರ್ಚಿಗೆ ಸಿಕ್ಕಿದ್ದು ಅದರೊಳಗಿನ ಒಂದು ದೊಡ್ಡ ಮೇಲ್ ಆಗಿದ್ರೂ ಅಷ್ಟೇ. ಸೆಟ್ಟಿಂಗ್ಸ್‌ನಲ್ಲಿ ಕಾನ್ವರ್ಸೇಶನ್ ವ್ಯೂ ಆಫ್ ಮಾಡಿ, ಪೇಜ್ ರಿಫ್ರೆಶ್ ಆಗತ್ತೆ, ಆಮೇಲೆ ಅದೇ ಸರ್ಚ್ ಕೊಟ್ರೆ ಒಂದೊಂದು ಮೇಲೂ ಬೇರೆ ಬೇರೆ ಸಾಲಾಗಿ ಬರತ್ತೆ. ಆಗ ದಪ್ಪಗಿರೋದನ್ನ ಮಾತ್ರ ಆರಿಸಿ ತೆಗೀರಿ. ಕೆಲಸ ಮುಗಿದ ಮೇಲೆ ವ್ಯೂ ವಾಪಸ್ ಆನ್ ಮಾಡ್ಕೊಳ್ಳಿ.

ಡಿಲೀಟ್ ಮಾಡಿದ್ದು ಟ್ರ್ಯಾಶಲ್ಲಿ 30 ದಿನ ಇರತ್ತೆ, ಅಷ್ಟು ದಿನವೂ ಕೋಟಾದಲ್ಲಿ ಲೆಕ್ಕ ಆಗ್ತಾನೇ ಇರತ್ತೆ. ಅರ್ಜೆಂಟ್ ಇದ್ರೆ ಟ್ರ್ಯಾಶ್ ಖಾಲಿ ಮಾಡ್ಬೇಕು, ಆದ್ರೆ ಬ್ಯಾಕಪ್ ಮಾಡಿ ಅದು ಓಪನ್ ಆಗತ್ತೆ ಅಂತ ನೋಡೋ ತನಕ ಖಾಲಿ ಮಾಡ್ಬೇಡಿ.

ಹಳೇ ಕಡತ

ಮೇಲ್ ಇರ್ಲಿ ಅಟ್ಯಾಚ್‌ಮೆಂಟ್ ಮಾತ್ರ ಹೋಗ್ಲಿ ಅನ್ನೋ ಆಪ್ಶನ್ ಜಿಮೇಲ್ ವೆಬ್ಬಲ್ಲಿ ಇಲ್ವೇ ಇಲ್ಲ ಅನ್ನೋದು ನನಗಂತೂ ಇವತ್ತಿಗೂ ಅರ್ಥ ಆಗದ ವಿಷ್ಯ. ಎಷ್ಟು ಸಾಮಾನ್ಯವಾದ ಅವಶ್ಯಕತೆ ಅದು.

ಪುಟಾಣಿ ಪೆಂಗ್ವಿನ್

ವೆಬ್ಬಲ್ಲಿ ಇಲ್ಲ, ಥಂಡರ್‌ಬರ್ಡಲ್ಲಿ (ಕಂಪ್ಯೂಟರಿಗೆ ಹಾಕ್ಕೊಳ್ಳೋ ಉಚಿತ ಮೇಲ್ ಸಾಫ್ಟ್‌ವೇರ್) ಇದೆ. ಮೇಲ್ ಕೆಳಗೆ ಅಟ್ಯಾಚ್‌ಮೆಂಟ್ ಮೇಲೆ ರೈಟ್ ಕ್ಲಿಕ್ ಮಾಡಿದ್ರೆ ಡಿಟ್ಯಾಚ್ ಅಂತ ಬರತ್ತೆ, ಫೈಲ್ ಡಿಸ್ಕಿಗೆ ಸೇವ್ ಆಗಿ ಮೇಲಿಂದ ಕಿತ್ಕೊಂಡು ಹೋಗತ್ತೆ. ಆದ್ರೆ ಐಮ್ಯಾಪಲ್ಲಿ (ಮೇಲನ್ನ ಸರ್ವರಲ್ಲೇ ಇಟ್ಟು ಸಾಫ್ಟ್‌ವೇರಿಂದ ನೋಡೋ ವಿಧಾನ) ಮೇಲನ್ನ ಇದ್ದಲ್ಲೇ ತಿದ್ದೋಕೆ ಬರಲ್ಲ, ಅಟ್ಯಾಚ್‌ಮೆಂಟ್ ಇಲ್ಲದ ಹೊಸ ಕಾಪಿ ಸರ್ವರಿಗೆ ಹಾಕಿ ಹಳೇದನ್ನ ಡಿಲೀಟ್ ಅಂತ ಗುರುತು ಮಾಡತ್ತೆ. ಜಿಮೇಲಲ್ಲಿ ಆ ಹಳೇದು ಆಲ್ ಮೇಲಲ್ಲೋ ಟ್ರ್ಯಾಶಲ್ಲೋ ಉಳ್ಕೊಂಡಿರ್ಬಹುದು, ವೆಬ್ಬಲ್ಲಿ ಹೋಗಿ ಅದನ್ನೂ ತೆಗೆದ್ರೇನೇ ಜಾಗ ಸಿಗೋದು.

ಥಂಡರ್‌ಬರ್ಡ್ ಮಾತು ಬಂದ ಮೇಲೆ ಇಡೀ ವಿಧಾನ ಹೇಳ್ಬಿಡ್ತೀನಿ, ಇದು ದುಡ್ಡಿಲ್ದೆ ಆಗೋದ್ರಲ್ಲಿ ನನಗೆ ಹಿಡಿಸಿದ್ದು. ಅಕೌಂಟನ್ನ ಐಮ್ಯಾಪಲ್ಲಿ ಸೇರಿಸಿ (ಪಾಪ್ ಅನ್ನೋ ಇನ್ನೊಂದು ವಿಧಾನ ಬೇಡ, ಅದು ಸಾಮಾನ್ಯವಾಗಿ ಇನ್‌ಬಾಕ್ಸ್ ಮಾತ್ರ ಇಳಿಸತ್ತೆ, ಸೆಟ್ಟಿಂಗ್ ನೋಡ್ದೇ ಬಿಟ್ರೆ ಸರ್ವರಿಂದ ಅಳಿಸೂ ಅಳಿಸತ್ತೆ). ಎಡಗಡೆ ಕೆಳಗೆ ಲೋಕಲ್ ಫೋಲ್ಡರ್ಸ್ ಅಂತ ಇರತ್ತಲ್ಲ, ಅಲ್ಲಿ ವರ್ಷಕ್ಕೊಂದು ಫೋಲ್ಡರ್ ಮಾಡಿ. ಒಂದು ವರ್ಷದ ಮೇಲ್ ಸೆಲೆಕ್ಟ್ ಮಾಡಿ ಅದಕ್ಕೆ ಕಾಪಿ ಮಾಡಿ, ಮೂವ್ ಅಲ್ಲ ಕಾಪಿ. ನಡುವೆ ನೆಟ್ ಕಟ್ ಆದ್ರೂ ಮೂಲ ಸರ್ವರಲ್ಲೇ ಇರತ್ತೆ. ಇನ್ನೂ ಒಂದು, ಜಿಮೇಲಲ್ಲಿ ಇನ್‌ಬಾಕ್ಸಿಂದ ಲೋಕಲಿಗೆ ಮೂವ್ ಮಾಡಿದ್ರೆ ಇನ್‌ಬಾಕ್ಸ್ ಲೇಬಲ್ ಹೋಗಿ ಮೇಲ್ ಆಲ್ ಮೇಲಲ್ಲಿ ಉಳ್ಕೊಳ್ಳೋ ಸಾಧ್ಯತೆನೇ ಜಾಸ್ತಿ, "ಇಷ್ಟೆಲ್ಲ ಮೂವ್ ಮಾಡಿದ್ರೂ ಮೀಟರ್ ಅಲ್ಲಾಡ್ತಿಲ್ಲ" ಅಂತ ಜನ ತಲೆ ಚಚ್ಕೊಳ್ಳೋದು ಇದಕ್ಕೇ. ಕಾಪಿ ಮಾಡಿ, ಚೆಕ್ ಮಾಡಿ, ಆಮೇಲೆ ವೆಬ್ಬಲ್ಲಿ ಆ ವರ್ಷದ ತಾರೀಖು ಕೊಟ್ಟು ಹುಡುಕಿ ಡಿಲೀಟ್ ಮಾಡೋದು ನೇರ ದಾರಿ.

ಒಂದೇ ದಿನ ಎಲ್ಲ ಎಳೀಬೇಡಿ. ಜಿಮೇಲ್ ಐಮ್ಯಾಪಲ್ಲಿ ದಿನಕ್ಕೆ ಹೆಚ್ಚುಕಮ್ಮಿ 2500 ಎಂಬಿ ಡೌನ್‌ಲೋಡ್ ಮಿತಿ ಇದೆ, ದಾಟಿದ್ರೆ ಸ್ವಲ್ಪ ಹೊತ್ತು ಕನೆಕ್ಷನ್ ಬಿಡಲ್ಲ. ಹೆದರೋ ಅಂಥದ್ದೇನಲ್ಲ, ಕಾಯ್ಬೇಕು ಅಷ್ಟೇ. 11 ಜಿಬಿ ಅಂದ್ರೆ ದಿನಕ್ಕೊಂದಿಷ್ಟು ಅಂತ ಮಾಡಿ.

ಕೋಟಾ ಮುಗೀತು

ಟೇಕ್‌ಔಟ್ ಅಂತ ನಮ್ಮ ಡೇಟಾ ಇಳಿಸ್ಕೊಳ್ಳೋಕೆ ಗೂಗಲ್‌ದೇ ಒಂದಿದೆಯಲ್ಲ, ಅದು ಬೇಡ್ವಾ?

ಪುಟಾಣಿ ಪೆಂಗ್ವಿನ್

ಚೆನ್ನಾಗೇ ಇದೆ, ಪೂರ್ತಿ ಒಂದೇ ಏಟಿಗೆ ಬೇಕಂದ್ರೆ ಅದೇ ಸುಲಭ. ಮೇಲ್ ಮಾತ್ರ ಟಿಕ್ ಮಾಡಿ, ಬೇಕಾದ್ರೆ ಬೇಕಾದ ಲೇಬಲ್ ಮಾತ್ರ ಆರಿಸ್ಕೊಳ್ಳಿ. ರೆಡಿ ಆದ್ಮೇಲೆ ಲಿಂಕ್ ಬರತ್ತೆ, ಅದು ಒಂದು ವಾರದಷ್ಟೇ ಇರತ್ತೆ, ಅಷ್ಟರಲ್ಲಿ ಇಳಿಸ್ಕೊಳ್ಬೇಕು. ಮತ್ತೆ ಆ ಫೈಲನ್ನ ಡ್ರೈವಿಗೇ ಹಾಕು ಅಂತ ಆಪ್ಶನ್ ಕೊಟ್ರೆ ಅದೇ 15 ಜಿಬಿಗೆ ಹೋಗಿ ಬೀಳತ್ತೆ, ತುಂಬಿರೋ ಅಕೌಂಟಲ್ಲಿ ಅದು ಆಗೋ ಹೋಗೋ ಮಾತಲ್ಲ.

ಬರೋದು ಎಂಬಾಕ್ಸ್ ಫೈಲ್. ಅದು ಸಾದಾ ಟೆಕ್ಸ್ಟ್, ಮೇಲ್‌ಗಳನ್ನ ಒಂದರ ಹಿಂದೆ ಒಂದು ಪೋಣಿಸಿಟ್ಟಿರತ್ತೆ. ಲೇಬಲ್‌ಗಳೂ ಹೆಡರಲ್ಲಿ (ಯಾರಿಂದ, ಯಾವಾಗ ಬಂತು ಅನ್ನೋ ವಿವರ ಇರೋ ಮೇಲಿನ ತಲೆಭಾಗ) ಬರೆದಿರತ್ತೆ. ಯಾವ ಕಂಪನಿ ಮುಚ್ಚಿದ್ರೂ ಇದನ್ನ ಓದೋ ಸಾಫ್ಟ್‌ವೇರ್ ಸಿಗತ್ತೆ, ಏನೂ ಇಲ್ಲದಿದ್ರೆ ಟೆಕ್ಸ್ಟ್ ಎಡಿಟರಲ್ಲಿ ತೆಗೆದು ತಾರೀಖು, ಸಬ್ಜೆಕ್ಟ್ ಆದ್ರೂ ನೋಡ್ಬಹುದು. ಥಂಡರ್‌ಬರ್ಡೂ ಮಾಮೂಲಿಯಾಗಿ ಒಳಗಡೆ ಇದೇ ಫಾರ್ಮ್ಯಾಟಲ್ಲಿ ಇಡೋದು. ಇಂಪೋರ್ಟ್ ಎಕ್ಸ್‌ಪೋರ್ಟ್ ಟೂಲ್ಸ್ ಎನ್‌ಜಿ ಅನ್ನೋ ಆಡ್ಆನ್ ಹಾಕ್ಕೊಂಡ್ರೆ ಟೇಕ್‌ಔಟ್ ಫೈಲ್ ಒಳಗೆ ತರ್ಬಹುದು, ಒಂದೊಂದು ಮೇಲನ್ನ ಬೇರೆ ಬೇರೆ ಇಎಂಎಲ್ ಫೈಲಾಗಿ ಹೊರಗೆ ತೆಗೀಲೂಬಹುದು.

ಪೆನ್ ಡ್ರೈವಿಗೆ ಹಾಕೋ ಮುಂಚೆ ಅದು ಫ್ಯಾಟ್32 ಅನ್ನೋ ಹಳೇ ಫಾರ್ಮ್ಯಾಟಲ್ಲಿದೆಯಾ ಏನೋ ನೋಡ್ಕೊಳ್ಳಿ, ಅದ್ರಲ್ಲಿ 4 ಜಿಬಿ ದಾಟಿದ ಒಂದೇ ಫೈಲ್ ಕೂರಲ್ಲ.

ಎರಡನೇ ಪಾಳಿ

ಆಫೀಸ್ ಮೇಲ್ ಬಗ್ಗೆ ಯಾರೂ ಹೇಳ್ಲೇ ಇಲ್ವಲ್ಲ. ಕ್ಲಾಸಿಕ್ ಔಟ್‌ಲುಕ್ಕಾದ್ರೆ ಫೈಲ್ ಮೆನು, ಟೂಲ್ಸ್, ಮೇಲ್‌ಬಾಕ್ಸ್ ಕ್ಲೀನಪ್. ಅಲ್ಲಿ ಫೋಲ್ಡರ್‌ವಾರು ಸೈಜ್ ತೋರಿಸತ್ತೆ, ಇಷ್ಟು ಕೆಬಿಗಿಂತ ದೊಡ್ಡದು ಹುಡುಕು ಅಂತಾನೂ ಕೊಡ್ಬಹುದು. ಔಟ್‌ಲುಕ್ಕಲ್ಲಿ ಅಟ್ಯಾಚ್‌ಮೆಂಟ್ ಮೇಲೆ ರೈಟ್ ಕ್ಲಿಕ್ ಮಾಡಿ ರಿಮೂವ್ ಕೊಟ್ಟು ಸೇವ್ ಮಾಡಿದ್ರೆ ಮೇಲ್ ಉಳಿಯತ್ತೆ ಫೈಲ್ ಹೋಗತ್ತೆ, ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ಆಮೇಲೆ ಒಂದು ಪಿಎಸ್‌ಟಿ ಫೈಲ್ (ಔಟ್‌ಲುಕ್ ಮೇಲನ್ನ ಕಂಪ್ಯೂಟರಲ್ಲೇ ಇಡೋ ಫೈಲ್) ಮಾಡಿ ಹಳೇದನ್ನ ಅದಕ್ಕೆ ಎಳೆದು ಹಾಕಿ, ಮುಗೀತು. ನಾವೆಲ್ಲ ವರ್ಷಗಟ್ಲೆ ಹಾಗೇ ಮಾಡ್ಕೊಂಡು ಬಂದಿರೋದು.

ಸರ್ವರ್ ಕೋಣೆ

ಪಿಎಸ್‌ಟಿ ಹೆಸರು ಕೇಳಿದ್ರೆ ಐಟಿಯವರಿಗೆ ನಡುಕ ಬರತ್ತೆ ಗುರುವೇ. ಉಪಯೋಗ ಇಲ್ಲ ಅಂತಲ್ಲ, ಮಿತಿ ಗೊತ್ತಿಟ್ಕೊಂಡು ಬಳಸ್ಬೇಕು. ಔಟ್‌ಲುಕ್ 2002ರ ತನಕದ ಹಳೇ ಫಾರ್ಮ್ಯಾಟಿಗೆ 2 ಜಿಬಿ ಮಿತಿ, 2003ರಲ್ಲಿ ಯೂನಿಕೋಡ್ ಫಾರ್ಮ್ಯಾಟ್ ಬಂತು, ಅದ್ರಲ್ಲಿ 20 ಜಿಬಿ, 2010ರಿಂದ ಈಚೆಗೆ 50 ಜಿಬಿ. ಮಿತಿ 50 ಇದೆ ಅಂತ 50 ತುಂಬಿಸ್ಬೇಡಿ, ಇಡೀ ಫೈಲ್ ಒಂದೇ ಡೇಟಾಬೇಸ್ ಇದ್ದ ಹಾಗೆ, ಒಂದು ಕಡೆ ಕೆಟ್ರೆ ಪೂರ್ತಿ ತೆರೆಯೋಕೇ ಕಷ್ಟ. ಸ್ಕ್ಯಾನ್‌ಪಿಎಸ್‌ಟಿ ಅನ್ನೋ ರಿಪೇರಿ ಟೂಲ್ ಔಟ್‌ಲುಕ್ ಜೊತೇಲೇ ಬರತ್ತೆ, ಎಲ್ಲ ಸಲ ಎಲ್ಲಾನೂ ವಾಪಸ್ ಸಿಗತ್ತೆ ಅಂತ ನಂಬ್ಕೊಂಡು ಕೂರೋ ಹಾಗಿಲ್ಲ. ವರ್ಷಕ್ಕೊಂದು ಪಿಎಸ್‌ಟಿ ಮಾಡಿ. ಅದನ್ನ ಆಫೀಸ್ ನೆಟ್‌ವರ್ಕ್ ಡ್ರೈವಲ್ಲಿಟ್ಟು ಅಲ್ಲಿಂದಾನೇ ಓಪನ್ ಮಾಡೋದು ಬೇಡ, ಮೈಕ್ರೋಸಾಫ್ಟೇ ಅದನ್ನ ಬೇಡ ಅನ್ನತ್ತೆ. ಲೋಕಲ್ ಡಿಸ್ಕಲ್ಲಿ ಬಳಸಿ, ಔಟ್‌ಲುಕ್ ಮುಚ್ಚಿ, ಆಮೇಲೆ ಕಾಪಿ ನೆಟ್‌ವರ್ಕಿಗೆ ಹಾಕಿ. ಒಎಸ್‌ಟಿ ಫೈಲನ್ನ ಕಾಪಿ ಮಾಡಿಟ್ಕೊಂಡು ಬ್ಯಾಕಪ್ ಆಯ್ತು ಅಂದ್ಕೊಳ್ಳೋರೂ ಇದ್ದಾರೆ, ಅದು ಸರ್ವರ್ ಮೇಲ್‌ಬಾಕ್ಸಿನ ಕ್ಯಾಶ್, ಅಂದ್ರೆ ತಾತ್ಕಾಲಿಕ ಕಾಪಿ ಅಷ್ಟೇ, ಬೇರೆ ಸಿಸ್ಟಮಲ್ಲಿ ಸುಮ್ನೆ ತೆರೆಯಲ್ಲ.

ಇದಕ್ಕೂ ಮುಂಚೆ ಒಂದು ಕೆಲಸ ಮಾಡಿ, ನಿಮ್ಮ ಐಟಿಯವರನ್ನ ಕೇಳಿ. ಎಕ್ಸ್‌ಚೇಂಜ್ ಆನ್‌ಲೈನ್ (ಮೈಕ್ರೋಸಾಫ್ಟಿನ ಕ್ಲೌಡ್ ಮೇಲ್ ಸರ್ವರ್) ಆದ್ರೆ ಆನ್‌ಲೈನ್ ಆರ್ಕೈವ್ ಅಂತ ಇನ್ನೊಂದು ಮೇಲ್‌ಬಾಕ್ಸೇ ಕೊಡೋಕೆ ಬರತ್ತೆ, ಅದರ ಕೋಟಾ ಬೇರೆ, ಮೇನ್ ಮೇಲ್‌ಬಾಕ್ಸಿಗೆ ಸೇರಲ್ಲ. ಅಲ್ಲಿ ಡೀಫಾಲ್ಟ್ ಪಾಲಿಸಿಲಿ ಎರಡು ವರ್ಷ ಹಳೇದಾದ ಮೇಲ್ ತಾನಾಗೇ ಆ ಕಡೆ ಹೋಗತ್ತೆ. ಅಡ್ಮಿನ್ ಆನ್ ಮಾಡ್ಬೇಕು ಅಷ್ಟೇ. ಎಷ್ಟೋ ಕಡೆ ಲೈಸೆನ್ಸಲ್ಲಿ ಅದು ಇದ್ದೇ ಇರತ್ತೆ, ಯಾರೂ ಕೇಳಿರಲ್ಲ, ಯಾರೂ ಆನ್ ಮಾಡಿರಲ್ಲ.

ಲೆಕ್ಕದ ಪುಸ್ತಕ

ಐಟಿನ ಕೇಳಿ ಅನ್ನೋದಕ್ಕೆ ನಂದೂ ಒಂದು ಓಟು, ಬೇರೆ ಕಾರಣಕ್ಕೆ. ಆಫೀಸ್ ಮೇಲ್ ನಮ್ದಲ್ಲ, ಕಂಪನಿದು. ರಿಟೆನ್ಶನ್ ಪಾಲಿಸಿ ಇದ್ರೆ ಇಷ್ಟು ವರ್ಷ ಇಡ್ಲೇಬೇಕು ಅಂತ ಇರತ್ತೆ, ಕೋರ್ಟ್ ಕೇಸೋ ತನಿಖೆನೋ ನಡೀತಿದ್ರೆ ಒಂದು ಮೇಲೂ ಮುಟ್ಟೋ ಹಾಗಿರಲ್ಲ. ಕಂಪನಿ ಮೇಲನ್ನ ಪರ್ಸನಲ್ ಹಾರ್ಡ್ ಡಿಸ್ಕಿಗೆ ಹಾಕ್ಕೊಂಡ್ರೆ ಅದೇ ತಪ್ಪಾಗ್ಬಹುದು. ಬಾಯಿ ಮಾತಲ್ಲಿ ಕೇಳ್ಬೇಡಿ, ಒಂದು ಮೇಲ್ ಹಾಕಿ ಕೇಳಿ (ಅದಕ್ಕೂ ಜಾಗ ಬೇಕು ಅನ್ಬೇಡಿ).

ಎರಡನೇ ಪಾಳಿ

ಒಪ್ಕೊಂಡೆ ಸರ್, ನೆಟ್‌ವರ್ಕ್ ಡ್ರೈವ್ ವಿಷ್ಯ ಗೊತ್ತಿರ್ಲಿಲ್ಲ. ಆದ್ರೂ ಆನ್‌ಲೈನ್ ಆರ್ಕೈವ್ ಎಲ್ಲ ಕಡೆ ಸಿಗಲ್ಲ, ಚಿಕ್ಕ ಆಫೀಸಲ್ಲಿ ವೆಬ್‌ಸೈಟ್ ಹೋಸ್ಟಿಂಗ್ ಜೊತೆ ಬರೋ ಪುಟ್ಟ ಮೇಲ್‌ಬಾಕ್ಸೇ ಗತಿ. ಅಂಥೋರಿಗೆ ಪಿಎಸ್‌ಟಿ ಬಿಟ್ರೆ ಏನಿದೆ ಹೇಳಿ.

ಪುಟಾಣಿ ಪೆಂಗ್ವಿನ್

ಹೋಸ್ಟಿಂಗ್ ಮೇಲ್‌ಗೆ ಐಮ್ಯಾಪ್ ಇದ್ದೇ ಇರತ್ತಲ್ಲ, ಮೇಲೆ ಹೇಳಿದ್ದೇ ಸಾಕು. ವಿಂಡೋಸಲ್ಲಿ ಮೇಲ್‌ಸ್ಟೋರ್ ಹೋಮ್ ಇದೆ, ಪರ್ಸನಲ್ ಬಳಕೆಗೆ ಉಚಿತ, ಆಫೀಸ್ ಬಳಕೆಗೆ ಅಲ್ಲ ಅದನ್ನ ನೋಡ್ಕೊಳ್ಳಿ. ಕಮಾಂಡ್ ಲೈನ್ ಒಗ್ಗೋರಿಗೆ ಐಮ್ಯಾಪ್‌ಸಿಂಕ್ ಒಂದು ಸರ್ವರಿಂದ ಇನ್ನೊಂದು ಸರ್ವರಿಗೆ ಫೋಲ್ಡರ್ ಸಮೇತ ಸಾಗಿಸತ್ತೆ, ಎಂಬಿಸಿಂಕ್ ಆದ್ರೆ ಡಿಸ್ಕಿಗೆ ಮೇಲ್‌ಡಿರ್ ರೂಪದಲ್ಲಿ ಇಳಿಸತ್ತೆ, ಮೇಲ್ ಒಂದಕ್ಕೆ ಫೈಲ್ ಒಂದು. ಆದ್ರೆ ಸಿಂಕ್ ಟೂಲ್ ಬಳಸೋರು ಎಚ್ಚರ, ಎರಡೂ ಕಡೆ ಸಿಂಕ್ ಅಂತ ಸೆಟ್ ಆಗಿದ್ರೆ ಸರ್ವರಲ್ಲಿ ಅಳಿಸಿದ್ದು ಇಲ್ಲೂ ಅಳಿಸಿ ಹೋಗತ್ತೆ. ಆರ್ಕೈವ್ ಅಂತ ಇಟ್ಕೊಳ್ಳೋದನ್ನ ಸಿಂಕಿಂದ ಹೊರಗೆ ಕಾಪಿ ಮಾಡಿ ಇಡ್ಬೇಕು. ಐಮ್ಯಾಪಲ್ಲಿ ಹಾಕಿರೋ ಫೋನೂ ಹಾಗೇ, ಸರ್ವರಲ್ಲಿ ಡಿಲೀಟ್ ಮಾಡಿದ್ಮೇಲೆ "ಫೋನಲ್ಲಿ ಇದೆಯಲ್ಲ" ಅನ್ನೋದು ನಡೆಯಲ್ಲ.

ಹಳೇ ಕಡತ

ಒಂದು ಉಲ್ಟಾ ಪ್ರಶ್ನೆ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಇಷ್ಟೆಲ್ಲ ಇಟ್ಕೊಂಡು ಏನ್ ಮಾಡೋದು? ನಾನು ನೋಡಿದ ಹಾಗೆ ಆರ್ಕೈವ್ ಮಾಡಿದ ಮೇಲ್ ವಾಪಸ್ ತೆಗೆಯೋರು ಬೆರಳೆಣಿಕೆ. ಆಫರ್, ನ್ಯೂಸ್‌ಲೆಟರ್, ನೋಟಿಫಿಕೇಶನ್ ಎಲ್ಲ ಕಣ್ಮುಚ್ಕೊಂಡು ಅಳಿಸಿ, ಮುಖ್ಯವಾದ ಐವತ್ತು ನೂರು ಮೇಲನ್ನ ಪಿಡಿಎಫ್ ಮಾಡಿ ಇಟ್ಕೊಳ್ಳಿ, ಉಳಿದಿದ್ದಕ್ಕೆ ಕೈ ಮುಗೀರಿ.

ಲೆಕ್ಕದ ಪುಸ್ತಕ

ಯಾವ ಮೇಲ್ ಮುಖ್ಯ ಅಂತ ಜಗಳ ಆದ್ಮೇಲೇ ಗೊತ್ತಾಗೋದು ರೀ, ಅದೇ ತೊಂದರೆ. ನೋಟಿಫಿಕೇಶನ್ ಅಳಿಸೋದಕ್ಕೆ ನನ್ನದೂ ಒಪ್ಪಿಗೆ ಇದೆ. ಆದ್ರೆ ಮನುಷ್ಯರು ಬರೆದಿರೋ ಮೇಲ್ ಬರೀ ಅಕ್ಷರ, ಜಾಗವೇ ತಗೊಳ್ಳಲ್ಲ, ಅದನ್ನ ಯಾಕೆ ಕಳ್ಕೊಳ್ಬೇಕು. ಮತ್ತೆ ಪಿಡಿಎಫ್ ಮಾಡಿದ್ರೆ ಹೆಡರ್ ಹೋಗತ್ತೆ, ಯಾವ ಸರ್ವರಿಂದ ಯಾವಾಗ ಬಂತು ಅನ್ನೋ ಮಾಹಿತಿ ಇರಲ್ಲ. ತಕರಾರು ಬರೋ ಸಾಧ್ಯತೆ ಇರೋದನ್ನ ಇಎಂಎಲ್ ರೂಪದಲ್ಲೂ ಇಡಿ.

ಕೋಟಾ ಮುಗೀತು

ಅಪ್‌ಡೇಟ್. ಪರ್ಸನಲ್‌ದು 2012ರಿಂದ 2018ರ ತನಕ ಲೋಕಲ್ ಫೋಲ್ಡರಿಗೆ ಬಂತು, ಸರ್ವರಲ್ಲಿ ಇನ್ನೂ ಮುಟ್ಟಿಲ್ಲ. ಆಫೀಸ್‌ಗೆ ಮೇಲ್ ಹಾಕಿ ಕೇಳಿದೀನಿ, ಉತ್ತರ ಬಂದಿಲ್ಲ. ಈಗ ಎರಡು ಡೌಟು. ಕಾಪಿ ಸರಿಯಾಗಿ ಬಂದಿದೆ ಅಂತ ನಂಬೋದು ಹೇಗೆ? ಇನ್ನೊಂದು, ಇದೆಲ್ಲ ಮುಗಿಯೋಷ್ಟರಲ್ಲಿ ಮೇಲ್‌ಬಾಕ್ಸ್ ಪೂರ್ತಿ ತುಂಬಿದ್ರೆ ಬರೋ ಮೇಲ್ ಗತಿ ಏನು, ಆಮೇಲೆ ಬರತ್ತಾ ಇಲ್ಲ ಹೋಗೇ ಹೋಯ್ತಾ?

ಸರ್ವರ್ ಕೋಣೆ

ಎರಡನೇದು ಮೊದಲು, ಅದು ಅರ್ಜೆಂಟು. ತುಂಬಿದಾಗ ನಿಮ್ಮ ಸರ್ವರ್ ಕಳಿಸೋ ಸರ್ವರಿಗೆ ಒಂದು ಕೋಡ್ ಕೊಡತ್ತೆ. 4ರಿಂದ ಶುರುವಾಗೋ ಕೋಡ್, ಅಂದ್ರೆ 452 ಥರದ್ದು ಬಂದ್ರೆ ತಾತ್ಕಾಲಿಕ ಅಂತ ಅರ್ಥ, ಕಳಿಸೋ ಸರ್ವರ್ ಮತ್ತೆ ಮತ್ತೆ ಪ್ರಯತ್ನ ಮಾಡತ್ತೆ, ಸಾಮಾನ್ಯವಾಗಿ ನಾಲ್ಕೈದು ದಿನ. 552 ಥರ 5ರಿಂದ ಶುರುವಾದ್ರೆ ಅಲ್ಲಿಗೆ ಮುಗೀತು, ಕಳಿಸಿದೋರಿಗೆ ತಕ್ಷಣ ಬೌನ್ಸ್, ಅಂದ್ರೆ ಮೇಲ್ ತಲುಪಿಲ್ಲ ಅನ್ನೋ ಸಂದೇಶ. ಅದರ ಪಕ್ಕ 4.2.2 ಅಥವಾ 5.2.2 ಅಂತ ಇರತ್ತೆ, ಆ 2.2 ಅಂದ್ರೇನೇ ಮೇಲ್‌ಬಾಕ್ಸ್ ಫುಲ್. ಯಾವ ಕೋಡ್ ಕೊಡೋದು ಅನ್ನೋದು ಆ ಸರ್ವರ್ ಸೆಟ್ಟಿಂಗಿಗೆ ಬಿಟ್ಟಿದ್ದು. ಮನುಷ್ಯರಾದ್ರೆ ಬೌನ್ಸ್ ನೋಡಿ ಫೋನ್ ಮಾಡ್ತಾರೆ, ಪಾಸ್‌ವರ್ಡ್ ರಿಸೆಟ್ ಲಿಂಕೋ ಒಟಿಪಿನೋ ಕಳಿಸೋ ಸಿಸ್ಟಮ್ ಯಾರಿಗೂ ಹೇಳಲ್ಲ, ನಿಮಗೆ ಏನೋ ಬರ್ಬೇಕಿತ್ತು ಅನ್ನೋದೂ ಗೊತ್ತಾಗಲ್ಲ. ಹಾಗಾಗಿ ಇವತ್ತೇ ಒಂದೆರಡು ಜಿಬಿ ಖಾಲಿ ಮಾಡ್ಕೊಳ್ಳಿ, ಆ ಫೈನಲ್ 2, ಫೈನಲ್ ಕರೆಕ್ಟೆಡ್‌ಗಳನ್ನ ಡಿಸ್ಕಿಗೆ ಸೇವ್ ಮಾಡಿ ಮೊದಲು ತೆಗೆದ್ಬಿಡಿ, ಉಳಿದಿದ್ದು ನಿಧಾನಕ್ಕೆ ಮಾಡಿ. ಗೂಗಲ್ ಇನ್ನೊಂದು ನಿಯಮಾನೂ ಇಟ್ಟಿದೆ, ಎರಡು ವರ್ಷ ಕೋಟಾ ದಾಟಿಯೇ ಇದ್ರೆ ಒಳಗಿರೋದನ್ನ ಅಳಿಸೋ ಹಕ್ಕು ಅವರಿಗಿದೆ. ದುಡ್ಡು ಕೊಟ್ಟು ಸ್ಟೋರೇಜ್ ತಗೊಂಡು ಆಮೇಲೆ ಕಟ್ಟೋದು ನಿಲ್ಲಿಸಿದೋರಿಗೂ ಇದೇ ಲೆಕ್ಕ.

ಚೆಕ್ ಮಾಡೋದು ಹೇಗೆ ಅಂದ್ರೆ, ಸರ್ವರ್ ಫೋಲ್ಡರಲ್ಲಿ ಎಷ್ಟು ಮೇಲ್ ಇದೆ ಲೋಕಲಲ್ಲಿ ಎಷ್ಟಿದೆ ತಾಳೆ ನೋಡಿ. ವೆಬ್ ಜಿಮೇಲಲ್ಲಿ ಥ್ರೆಡ್ ಲೆಕ್ಕ ತೋರಿಸತ್ತೆ, ತಾಳೆ ಆಗಲ್ಲ, ಥಂಡರ್‌ಬರ್ಡ್ ಒಳಗೇ ಎರಡು ಫೋಲ್ಡರಿನ ಸಂಖ್ಯೆ ಹೋಲಿಸಿ. ಆಮೇಲೆ ವರ್ಷಕ್ಕೆ ಒಂದಷ್ಟು ಅಟ್ಯಾಚ್‌ಮೆಂಟ್ ಸುಮ್ನೆ ಅಲ್ಲಿ ಇಲ್ಲಿ ಆರಿಸಿ ತೆಗೆದು ನೋಡಿ, ಹೆಡರ್ ಮಾತ್ರ ಇಳಿದು ಬಾಡಿ ಇಳೀದೇ ಇದ್ರೆ ಅಲ್ಲೇ ಸಿಕ್ಕಿಬೀಳತ್ತೆ. ನೆಟ್ ಆಫ್ ಮಾಡಿ ನೋಡೋದು ಇನ್ನೂ ಒಳ್ಳೇದು, ಆಗ ಲೋಕಲಲ್ಲಿ ನಿಜವಾಗ್ಲೂ ಇರೋದು ಮಾತ್ರ ತೆರೆಯತ್ತೆ. ಕೊನೇಗೆ ಆ ಫೈಲನ್ನ ಎರಡನೇ ಡಿಸ್ಕಿಗೆ ಹಾಕಿ, ಬೇರೆ ಕಂಪ್ಯೂಟರಲ್ಲಿ ಒಂದ್ಸಲ ಓಪನ್ ಮಾಡಿ. ಇಷ್ಟಾದ ಮೇಲೆ ಸರ್ವರಲ್ಲಿ ಡಿಲೀಟ್.

ಪುಟಾಣಿ ಪೆಂಗ್ವಿನ್

ಇದಕ್ಕೆ ಒಂದು ಸೇರಿಸ್ತೀನಿ, ಥಂಡರ್‌ಬರ್ಡಲ್ಲಿ ಮೇಲ್ ಅಳಿಸಿದ ತಕ್ಷಣ ಡಿಸ್ಕಲ್ಲಿ ಫೈಲ್ ಚಿಕ್ಕದಾಗಲ್ಲ, ಕಾಂಪ್ಯಾಕ್ಟ್ ಕೊಟ್ಟಾಗ್ಲೇ ಆಗೋದು. ಪಿಎಸ್‌ಟಿಗೂ ಕಾಂಪ್ಯಾಕ್ಟ್ ನೌ ಅಂತ ಇದೆ. ಬ್ಯಾಕಪ್ ತಗೊಳ್ಳೋ ಮುಂಚೆ ಕಾಂಪ್ಯಾಕ್ಟ್ ಮಾಡಿ, ನಡೀತಿರೋವಾಗ ಸಿಸ್ಟಮ್ ಆಫ್ ಮಾಡ್ಬೇಡಿ. ಮೇಲ್ ಆರ್ಕೈವ್ ಇರೋ ಡಿಸ್ಕನ್ನ ಎನ್‌ಕ್ರಿಪ್ಟ್ ಮಾಡಿಡಿ, ನಿಮ್ಮ ಅರ್ಧ ಜೀವನ ಅದ್ರಲ್ಲಿದೆ, ಸರ್ವರಲ್ಲಿದ್ದಾಗ ಪಾಸ್‌ವರ್ಡ್ ಕಾಯ್ತಿತ್ತು, ಪೆನ್ ಡ್ರೈವಲ್ಲಿ ಯಾರು ಕಾಯ್ತಾರೆ.

ಎರಡನೇ ಪಾಳಿ

ಮುಂದಕ್ಕೆ ತುಂಬದೇ ಇರೋಕೆ ಅಟ್ಯಾಚ್‌ಮೆಂಟ್ ಬದ್ಲು ಡ್ರೈವ್ ಲಿಂಕ್ ಕಳಿಸೋದು ಒಳ್ಳೇದಲ್ವಾ? ನಮ್ಮ ಟೀಮಲ್ಲಿ ಅದನ್ನೇ ರೂಲ್ ಮಾಡಿದೀವಿ.

ಲೆಕ್ಕದ ಪುಸ್ತಕ

ಡ್ರಾಫ್ಟ್‌ಗಳಿಗೆ ಲಿಂಕು, ಸಹಿ ಆಗಿರೋದಕ್ಕೆ ಅಟ್ಯಾಚ್‌ಮೆಂಟು, ನಮ್ಮಲ್ಲಿ ಹಾಗೆ. ಲಿಂಕ್ ಹಿಂದಿರೋ ಫೈಲನ್ನ ಯಾರಾದ್ರೂ ಬದಲಾಯಿಸ್ಬಹುದು, ಪರ್ಮಿಶನ್ ತೆಗೀಬಹುದು, ಕಳಿಸಿದೋರು ಕೆಲಸ ಬಿಟ್ರೆ ಅಕೌಂಟ್ ಜೊತೆ ಫೈಲೂ ಹೋಗ್ಬಹುದು. ನೀವು ಮೇಲನ್ನ ಎಂಬಾಕ್ಸಲ್ಲಿ ಎಷ್ಟೇ ಜೋಪಾನವಾಗಿ ಇಟ್ರೂ ಅದರೊಳಗೆ ಉಳಿಯೋದು ಒಂದು ಸತ್ತ ಲಿಂಕು. ಬೇಕಾದ ಫೈಲಿದ್ರೆ ಬಂದ ದಿನಾನೇ ಇಳಿಸಿ ಆಯಾ ಫೋಲ್ಡರಿಗೆ ಹಾಕ್ಬಿಡಿ.

ಕೋಟಾ ಮುಗೀತು

ಐಟಿಯಿಂದ ಉತ್ತರ ಬಂತು. ಆನ್‌ಲೈನ್ ಆರ್ಕೈವ್ ಲೈಸೆನ್ಸಲ್ಲಿ ಇದೆಯಂತೆ, ನಾಳೆ ಆನ್ ಮಾಡ್ತಾರಂತೆ, ಪಿಎಸ್‌ಟಿ ಮಾಡ್ಕೊಳ್ಳೋಕೆ ಪರ್ಮಿಶನ್ ಇಲ್ವಂತೆ. ಆನ್ ಮಾಡಿದ ಮೇಲೆ ಹಳೇ ಮೇಲ್ ತಕ್ಷಣ ಆ ಕಡೆ ಹೋಗತ್ತಾ?

ಸರ್ವರ್ ಕೋಣೆ

ತಕ್ಷಣ ಹೋಗಲ್ಲ, ಹಿಂದಿಂದ ಒಂದು ಪ್ರೋಸೆಸ್ ಆಗಾಗ ಓಡಿ ಸಾಗಿಸ್ತಾ ಹೋಗತ್ತೆ, ಕೆಲವು ದಿನ ಹಿಡೀಬಹುದು. ಅವಸರ ಇದ್ರೆ ಎಡಗಡೆ ಬರೋ ಆರ್ಕೈವ್ ಮೇಲ್‌ಬಾಕ್ಸಿಗೆ ನೀವೇ ಫೋಲ್ಡರ್ ಎಳೆದು ಹಾಕಿ, ಒಂದೇ ಸಲ ಇಡೀ ಇನ್‌ಬಾಕ್ಸ್ ಎಳೀಬೇಡಿ, ಸ್ವಲ್ಪ ಸ್ವಲ್ಪ. ಅದು ಸರ್ವರಲ್ಲೇ ಇರೋದ್ರಿಂದ ನೆಟ್ ಇಲ್ದಿದ್ರೆ ತೆರೆಯಲ್ಲ. ಸರ್ಚ್ ಮಾಡೋವಾಗ ಕರೆಂಟ್ ಮೇಲ್‌ಬಾಕ್ಸ್ ಅಂತ ಇರೋದನ್ನ ಆಲ್ ಮೇಲ್‌ಬಾಕ್ಸಸ್‌ಗೆ ಬದಲಾಯಿಸ್ಕೊಳ್ಳಿ, ಅದಕ್ಕೂ ಸಿಗದಿದ್ರೆ ಆ ಆರ್ಕೈವಲ್ಲೇ ನಿಂತು ಹುಡುಕಿ. ಡಿಲೀಟೆಡ್ ಐಟಮ್ಸ್ ಫೋಲ್ಡರೂ ಮೇನ್ ಕೋಟಾಗೇ ಸೇರತ್ತೆ, ಬೇಡದ್ದೇ ಇದೆ ಅಂತ ಖಾತ್ರಿ ಮಾಡ್ಕೊಂಡು, ಪಾಲಿಸಿ ಬಿಡೋದಾದ್ರೆ ಇವತ್ತೇ ಖಾಲಿ ಮಾಡಿ, ನಾಳೆ ತನಕ ಉಸಿರಾಡೋಕೆ ಅಷ್ಟು ಸಾಕು.